ಕೃಷ್ಣೆಗೆ ಬಿಟ್ಟ ಹೊಟ್ಟೆಯ ಚೂರು

ವಿಶಾಖಪಟ್ಟಣ
12 ಫೆಬ್ರವರಿ 2025, ಬುಧವಾರ

ಪ್ರೀತಿಯ ವಿಜಯಕ್ಕನಿಗೆ,

ತಮ್ಮ ಗೋಪು ಮಾಡುವ ನಮಸ್ಕಾರಗಳು. ನಿನ್ನ ಮಂಡಿ ನೋವು ಹೇಗಿದೆ? ಎರಡನೇ ಮಹಡಿಯಿಂದ ತರಕಾರಿಗೆ ಇಳಿಯಲೂ ಆಗುವುದಿಲ್ಲ ಎಂದು ಮೂರು ವರ್ಷದಿಂದ ಹೇಳುತ್ತಿದ್ದವಳು ಮೊನ್ನೆ ಕೃಷ್ಣಾ ನದಿಯ ಘಾಟಿನ ಮೆಟ್ಟಿಲುಗಳನ್ನು ಒಬ್ಬಳೇ ಇಳಿದು ಹತ್ತಿ ಬಂದೆಯಂತೆ. ಹಾಗಾದರೆ ಮಂಡಿ ಪೂರ್ತಿ ವಾಸಿಯಾಗಿರಬೇಕು, ಸಂತೋಷ. ಬಿ.ಪಿ. ಮಾತ್ರೆ ಸರಿಯಾಗಿ ನುಂಗುತ್ತಿದ್ದೀಯೋ, ಅಥವಾ ಅದನ್ನೂ ನದಿಗೆ ಬಿಟ್ಟೆಯೋ? ನನ್ನ ಆರೋಗ್ಯದ ವಿಚಾರ ನೀನು ಕೇಳಬೇಡ. ಕೇಳುವ ಮನಸ್ಸಿದ್ದರೆ ಹದಿನೇಳು ದಿನಗಳಲ್ಲಿ ಒಂದು ಸಲವಾದರೂ ಫೋನ್ ಎತ್ತಿರುತ್ತಿದ್ದೆ.

ಫೋನಿನಲ್ಲಿ ನಿನ್ನನ್ನು ಮೂರ್ಖಶಿಖಾಮಣಿ ಎಂದದ್ದು ನಿಜ. ಅದನ್ನು ವಾಪಸು ತೆಗೆದುಕೊಳ್ಳಲು ಈ ಕಾಗದ ಬರೆಯುತ್ತಿಲ್ಲ. ಇದಕ್ಕಿಂತ ಒಳ್ಳೆಯ ಪದ ಆ ಹೊತ್ತಿಗೆ ಸಿಕ್ಕಿದ್ದರೆ ಅದನ್ನೇ ಅನ್ನುತ್ತಿದ್ದೆ. ಫೋನ್ ಎತ್ತದವಳಿಗೆ ಕಾಗದವೇ ಗತಿ. ಇದರಲ್ಲಿ ಒಂದು ಅನುಕೂಲವೂ ಇದೆ. ನಿನ್ನ ಮನೆಯಲ್ಲಿ ಕನ್ನಡ ಓದಲು ಬರುವುದು ನಿನಗೊಬ್ಬಳಿಗೇ. ನಿನ್ನ ಮಗ ಫಣೀಂದ್ರ ಆಟೋನಗರದ ಲಾರಿಗಳ ಹಿಂದೆ ಬರೆದ ತೆಲುಗು ಬಿಟ್ಟು ಬೇರೇನೂ ಓದಿದ್ದನ್ನು ನಾನು ಕಂಡಿಲ್ಲ. ಅವನ ಹೆಂಡತಿಗೆ ನಮ್ಮ ಅಕ್ಷರ ಜಿಲೇಬಿ ಸುತ್ತಿದ ಹಾಗೆ ಕಾಣುತ್ತದಂತೆ, ಅವಳ ತೆಲುಗು ಅಕ್ಷರವೇನು ನೆಟ್ಟಗಿದೆ ಎಂದುಕೊಂಡಿದ್ದಾಳೋ. ಅಂತೂ ನಾನು ಬೈದದ್ದು ನಿನ್ನಲ್ಲೇ ಉಳಿಯುತ್ತದೆ. ಅಷ್ಟರ ಮಟ್ಟಿಗೆ ಹಿರಿಯಕ್ಕನ ಮರ್ಯಾದೆ ಕಾಪಾಡಿದ್ದೇನೆ.

ಮೂವತ್ತೈದು ವರ್ಷದ ಬ್ಯಾಂಕ್ ನೌಕರಿಯಲ್ಲಿ ಹನ್ನೊಂದು ವರ್ಷ ಇನ್‌ಸ್ಪೆಕ್ಷನ್ ಮಾಡುತ್ತ ಊರೂರು ತಿರುಗಿದವನು ನಾನು. ಶಾಖೆಗೆ ಕಾಲಿಟ್ಟ ಕೂಡಲೇ ಮ್ಯಾನೇಜರುಗಳ ಮುಖ ಸಣ್ಣಗಾಗುವುದನ್ನು ನೋಡಿ ಖುಷಿಪಟ್ಟವನು. ಆದ್ದರಿಂದ ತಪ್ಪುಗಳನ್ನು ಮೊದಲಿನಿಂದ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಮೊದಲನೆಯ ತಪ್ಪು ನನ್ನದೇ, ಬರೆದುಕೋ. ಎರಡು ವರ್ಷ ಹೊಟ್ಟೆಯ ಮೇಲ್ಭಾಗ ಉರಿಯಿತು, ಎರಡು ತುತ್ತು ತಿಂದರೆ ತುಂಬಿದ ಹಾಗಾಗುತ್ತಿತ್ತು, ಪ್ಯಾಂಟು ಸಡಿಲವಾಯಿತು. ನಾನು ಅದನ್ನು ಗ್ಯಾಸ್ ಎಂದೆ. ಈ ಊರಿನ ಗೋಂಗೂರ ಪಚ್ಚಡಿ, ಮೆಸ್ಸಿನವನು ಹಾಕುವ ಖಾರ, ಒಂಟಿ ಗಂಡಸಿನ ಅಡುಗೆ, ಎಲ್ಲವನ್ನೂ ಒಂದೊಂದು ದಿನ ದೂರಿದೆ. ಮೆಡಿಕಲ್ ಶಾಪಿನವನು ಕೇಳದೆಯೇ ಗ್ಯಾಸಿನ ಮಾತ್ರೆ ಕತ್ತರಿಸಿ ಕೈಗಿಡುವಷ್ಟು ನಮಗೆ ಸ್ನೇಹವಾಯಿತು. ಬೇರೆಯವರ ಪುಸ್ತಕದಲ್ಲಿ ಒಂದು ಸಹಿ ತಪ್ಪಿದರೂ ಹಿಡಿಯುತ್ತಿದ್ದವನು ನನ್ನ ಹೊಟ್ಟೆಯೊಳಗೆ ಎರಡು ವರ್ಷ ನಡೆದದ್ದನ್ನು ನೋಡಲಿಲ್ಲ. ನನ್ನಂಥ ದಡ್ಡನನ್ನು ಯಾವ ಶಾಖೆಯಲ್ಲಿ ಕಂಡಿದ್ದರೂ ಅಲ್ಲೇ ಸಸ್ಪೆಂಡ್ ಮಾಡಲು ಬರೆಯುತ್ತಿದ್ದೆ.

ಆಮೇಲಿನದು ನಿನ್ನ ಕಣ್ಣೆದುರಿಗೇ ಆಯಿತು. ಡಿಸೆಂಬರಿನಲ್ಲಿ ಫಣೀಂದ್ರನ ಮಗಳ ನಾಮಕರಣಕ್ಕೆ ವಿಜಯವಾಡಕ್ಕೆ ಬಂದವನು ಎಲೆಯ ಮುಂದೆ ಕೂತಲ್ಲೇ ಕಣ್ಣು ಕತ್ತಲಿಟ್ಟು ವಾಲಿಕೊಂಡೆ. ಪುರೋಹಿತರು ದೃಷ್ಟಿ ಎಂದರು. ನೀನು ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಅಲ್ಲಿದ್ದವರಲ್ಲಿ ಬುದ್ಧಿ ಓಡಿಸಿದವನು ಫಣೀಂದ್ರ ಒಬ್ಬನೇ, ಅದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತದೆ. ಲಾರಿಗೆ ಬಾಡಿ ಕಟ್ಟುವವನು ನನ್ನನ್ನು ಎತ್ತಿ ಕಾರಿಗೆ ಹಾಕಿಕೊಂಡು ಹೋಗಿ, ಗಂಟಲಿಗೆ ನಳಿಕೆ ಇಳಿಸುವವರೆಗೆ ಡಾಕ್ಟರನ್ನು ಬಿಡಲಿಲ್ಲ. ಹೊಟ್ಟೆಯೊಳಗೆ ಹುಣ್ಣಿನಂಥ ಜಾಗ ಕಂಡು ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ಬಂದ ಕಾಗದದಲ್ಲಿ ಲಿಂಫೋಮಾ ಎಂದಿತ್ತು. ಯಾವ ಬಗೆಯದು ಎಂದು ತಿಳಿಯಲು ಇನ್ನೂ ಪರೀಕ್ಷೆ ಬೇಕು ಎಂದೂ ಇತ್ತು.

ಆಗ ಶುರುವಾಯಿತಲ್ಲ ನಿಮ್ಮೆಲ್ಲರ ವೈದ್ಯಕೀಯ! ಲಿಂಫೋಮಾ ಎಂದರೆ ಗಡ್ಡೆ, ಗಡ್ಡೆ ಎಂದರೆ ಕುತ್ತಿಗೆ, ಇಷ್ಟು ನಿಮ್ಮ ಬೀದಿಗೆಲ್ಲ ಗೊತ್ತು. ನಿನ್ನ ಎದುರುಮನೆಯಾಕೆ ಬಂದು ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ನನ್ನ ಕುತ್ತಿಗೆ ಒತ್ತಿ ನೋಡಿ, "ಗಡ್ಡ ಲೇದು ಕದಂಡಿ, ರಿಪೋರ್ಟು ತಪ್ಪು" ಎಂದು, ಗಡ್ಡೆಯಿಲ್ಲದ ಮೇಲೆ ಕಾಯಿಲೆಯೂ ಇಲ್ಲವೆಂದು ತೀರ್ಪು ಕೊಟ್ಟು ಕಾಫಿ ಕುಡಿದು ಹೋದಳು. ಅವಳ ಗಂಡ ಕಂಕುಳಿಗೂ ಕೈ ಹಾಕಲು ಬಂದ, ನಾನು ಅಂಗಿ ಬಿಚ್ಚಲಿಲ್ಲ. ನೀನಾದರೋ, "ಗಂಟೇ ಇಲ್ದೆ ಗಂಟಿನ ಕಾಯಿಲೆ ಹೆಂಗೋ ಬರತ್ತೆ, ಆ ಲ್ಯಾಬಿನೋರು ಯಾರ್ದೋ ಕಾಗದ ನಿಂಗೆ ಕೊಟ್ಟವ್ರೆ" ಎಂದೆ. ಒಂದು ದಿನ ನಾನೂ ಅದನ್ನು ನಂಬಿದೆ, ಅದೇ ನಾಚಿಕೆ. ಕನ್ನಡಿಯ ಮುಂದೆ ನಿಂತು ಕುತ್ತಿಗೆಯನ್ನು ನಾನೇ ಮೂರು ಸಲ ಒತ್ತಿ ನೋಡಿಕೊಂಡೆ.

ವಿಶಾಖಪಟ್ಟಣಕ್ಕೆ ಬಂದು ಇಲ್ಲಿನ ಆಸ್ಪತ್ರೆಗೆ ತೋರಿಸಿದೆ. ಅಲ್ಲಿ ಅಪೂರ್ವ ಎಂಬ ಡಾಕ್ಟರು ಸಿಕ್ಕಳು. ದಾವಣಗೆರೆಯ ಹುಡುಗಿ, ಎರಡು ವರ್ಷಕ್ಕೆಂದು ಬಂದವಳು. ನನ್ನ ಕನ್ನಡ ಕೇಳಿದ ಕೂಡಲೇ "ಅಂಕಲ್" ಎಂದಳು. ಅಂಕಲ್ ಎಂದವರನ್ನು ನಾನು ಮಾತಾಡಿಸುವುದಿಲ್ಲ ಎಂದೆ. "ಸರಿ ಸರ್, ನೀವ್ ಮಾತಾಡಬ್ಯಾಡ್ರಿ, ಕೇಳ್ರಿ" ಎಂದು ಬಿಳಿ ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದಳು. ಚಿತ್ರ ಬದನೆಕಾಯಿಯ ಹಾಗಿತ್ತು, ವಿವರಣೆ ಚೆನ್ನಾಗಿತ್ತು. ನಿನಗೂ ಹೇಳುತ್ತೇನೆ, ಎದುರುಮನೆಯಾಕೆಗೆ ತೆಲುಗಿನಲ್ಲಿ ಹೇಳಿಬಿಡು. ರೋಗದ ಜೊತೆ ಹೊಡೆದಾಡುವ ಬಿಳಿ ಕಣಗಳಿಗೆ ಕುತ್ತಿಗೆ, ಕಂಕುಳು, ತೊಡೆಸಂದಿಯ ಗ್ರಂಥಿಗಳು ಠಾಣೆಯಿದ್ದಂತೆ. ಸಾಮಾನ್ಯವಾಗಿ ಈ ಕ್ಯಾನ್ಸರ್ ಆ ಠಾಣೆಗಳಲ್ಲಿ ಹುಟ್ಟುತ್ತದೆ, ಆಗ ಗಂಟು ಕಾಣುತ್ತದೆ. ಆದರೆ ಕೆಲವರಲ್ಲಿ ಠಾಣೆಯ ಆಚೆ, ಹೊಟ್ಟೆಯಲ್ಲೋ ಕಣ್ಣಿನ ರೆಪ್ಪೆಯಡಿಯಲ್ಲೋ ಥೈರಾಯ್ಡಿನಲ್ಲೋ ಚರ್ಮದಲ್ಲೋ ಹುಟ್ಟುತ್ತದೆ. ನನ್ನ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಒಂದು ಕ್ರಿಮಿ ಎಷ್ಟೋ ವರ್ಷದಿಂದ ವಾಸವಾಗಿತ್ತಂತೆ. ಅದನ್ನು ಕಾಯಲು ಬಂದ ಕಣಗಳು ಅಲ್ಲೇ ಬೀಡುಬಿಟ್ಟು, ಕಾದು ಕಾದು, ಕೊನೆಗೆ ತಾವೇ ಕೆಟ್ಟು ಕೂತವಂತೆ. ಬ್ಯಾಂಕಿನಲ್ಲಿ ಇಂಥ ಕಾವಲುಗಾರರನ್ನು ನಾನು ಕಂಡಿದ್ದೇನೆ. ನನ್ನೊಳಗೇ ಇರಬಹುದು ಎಂದು ಮಾತ್ರ ಅನ್ನಿಸಿರಲಿಲ್ಲ.

ಈಗ ಮುಖ್ಯವಾದ ಮಾತು ಬಂತು, ಕನ್ನಡಕ ಹಾಕಿಕೊಂಡು ಓದು. ಇದರಲ್ಲಿ ಎರಡು ಬಗೆಯಿದೆಯಂತೆ. ಒಂದು ನಿಧಾನದ್ದು. ಕ್ರಿಮಿಗೆ ಎರಡು ವಾರ ಮಾತ್ರೆ ನುಂಗಿದರೆ, ಕ್ರಿಮಿಯ ಜೊತೆ ಕ್ಯಾನ್ಸರೂ ತಿಂಗಳುಗಳಲ್ಲಿ ಮೆಲ್ಲಗೆ ಕರಗಿಹೋಗುವ ಸಾಧ್ಯತೆ ಹೆಚ್ಚು. ಇನ್ನೊಂದು ಅವಸರದ್ದು. ಅದಕ್ಕೆ ಕೀಮೋ ಬೇಕು, ಬೇಗ ಬೇಕು, ಆದರೂ ಖಾತರಿಯಿಲ್ಲ. ಯಾವುದು ಎಂದು ತಿಳಿಯಲು ವಿಜಯವಾಡದಲ್ಲಿ ಕಿತ್ತ ಆ ಚೂರಿನ ಮೇಲೆ ಇನ್ನಷ್ಟು ಬಣ್ಣ ಹಾಕಿ ನೋಡಬೇಕು. ಚೂರನ್ನು ಮೇಣದಲ್ಲಿ ಹುದುಗಿಸಿ ಬೆಂಕಿಪೆಟ್ಟಿಗೆಗಿಂತ ಸಣ್ಣ ತುಂಡು ಮಾಡಿ ಇಟ್ಟಿರುತ್ತಾರೆ, ಬ್ಲಾಕ್ ಎನ್ನುತ್ತಾರೆ. ನನ್ನದು ಒಂದೇ ಒಂದು ಇತ್ತು. ಅದನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ರತ್ನಾಚಲ್ ರೈಲಿನಲ್ಲಿ ತಂದುಕೊಡು ಎಂದು ಫಣೀಂದ್ರನಿಗೆ ಹೇಳಿದೆ. ಅವನು ಸಂಜೆ ತಂದು, ಬೆಳಿಗ್ಗೆ ಹೊರಡುವವನು, ಅಡುಗೆಮನೆಯ ಅಲಮಾರಿಯ ಮೇಲಿಟ್ಟ. ಅದೇನೋ ಎಂದು ನೀನು ಕೇಳಿದೆ. "ಮಾವಯ್ಯ ಹೊಟ್ಟೆ ಮುಕ್ಕ ಅಮ್ಮಾ" ಎಂದು, ಮಾವನ ಹೊಟ್ಟೆಯ ಚೂರು ಎಂದು, ಆ ಬೃಹಸ್ಪತಿ ತನ್ನ ಎರಡು ಭಾಷೆಯ ಕಲಸುಮೇಲೋಗರದಲ್ಲಿ ಸತ್ಯ ಹೇಳಿದ.

ಬೆಳಿಗ್ಗೆ ಅವನು ಏಳುವ ಮೊದಲೇ ನೀನು ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ, ನನ್ನ ಹೊಟ್ಟೆಯ ಚೂರನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ. ಮೇಲೆ ಅರಿಶಿನ ಕುಂಕುಮ ಬೇರೆ ಇಟ್ಟಿದ್ದೆಯಂತೆ. ಘಾಟಿನಲ್ಲಿ ಪುರೋಹಿತನನ್ನು ಹಿಡಿದು, ಬದುಕಿರುವವನ ಮೈಯ ಚೂರು, ಯಾವ ಮಂತ್ರ ಹೇಳಬೇಕು ಎಂದು ಕೇಳಿದೆ. ಬದುಕಿರುವವನಿಗೆ ಇದಕ್ಕೆ ಮಂತ್ರವಿಲ್ಲ ಎಂದು ಅವನು ಅಂದನಂತೆ. ನಿಮ್ಮಿಬ್ಬರಲ್ಲಿ ಅವನಿಗೇ ಸ್ವಲ್ಪ ಬುದ್ಧಿಯಿತ್ತು. ಆದರೂ ಬಂದವಳನ್ನು ಸುಮ್ಮನೆ ಕಳಿಸಬಾರದೆಂದು ಏನೋ ಗೊಣಗಿದ. ನೀನು ನೀರಿಗೆ ಬಿಟ್ಟೆ. ಅದು ಮುಳುಗಲಿಲ್ಲ. ಮೇಣ ತೇಲುತ್ತದೆ ಅಕ್ಕಾ, ಏಳನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನೀನು ಮೂರು ಸಲ ಒಳಕ್ಕೆ ತಳ್ಳಿದೆ, ಮೂರು ಸಲವೂ ಮೇಲೆ ಬಂತು, ಕೊನೆಗೆ ಕುಂಕುಮ ಕಳೆದುಕೊಂಡು ಬ್ಯಾರೇಜಿನ ಕಡೆಗೆ ಹೊರಟೇಹೋಯಿತು. ಇಷ್ಟನ್ನೂ ನೀನೇ ಹೆಮ್ಮೆಯಿಂದ ಫಣೀಂದ್ರನಿಗೆ ಹೇಳಿದ್ದೀಯ.

ನನಗೆ ಕೆಲವು ಸಂದೇಹಗಳಿವೆ, ಶಾಸ್ತ್ರ ತಿಳಿದವಳು ನೀನು, ಪರಿಹರಿಸು. ಹೊಟ್ಟೆ ಹೋದದ್ದಕ್ಕೆ ಸೂತಕ ಎಷ್ಟು ದಿನ? ನನ್ನ ಸೂತಕ ನನಗೂ ಉಂಟೋ, ಅಥವಾ ನಿಮಗೆ ಮಾತ್ರವೋ? ಈ ಹತ್ತು ದಿನ ನಾನು ನನ್ನ ಕೈಯಡುಗೆ ಉಣ್ಣಬಹುದೇ? ವರ್ಷಕ್ಕೊಮ್ಮೆ ಆ ತಿಥಿಯಲ್ಲಿ ನಾನೇ ಕೂತು ನನ್ನ ಜಠರದ ಶ್ರಾದ್ಧ ಮಾಡಬೇಕೋ? ಉಳಿದ ಹೊಟ್ಟೆ ಇನ್ನೂ ನನ್ನ ಹತ್ತಿರವೇ ಇದೆ, ಅದನ್ನು ಯಾವಾಗ ಕಳಿಸಲಿ? ಭೂಮಿಯ ಮೇಲೆ ಇಷ್ಟು ಜನ ಕ್ಯಾನ್ಸರಿನವರಿದ್ದಾರೆ. ಬ್ಲಾಕು ಬಸ್ಸಿನಲ್ಲಿ ಕಳೆದುಕೊಂಡವರಿದ್ದಾರೆ, ಬಿಸಿಲಿನಲ್ಲಿಟ್ಟು ಕರಗಿಸಿದವರಿದ್ದಾರೆ ಎಂದು ಅಪೂರ್ವ ಹೇಳಿದಳು. ಅರಿಶಿನ ಕುಂಕುಮವಿಟ್ಟು ನದಿಗೆ ಬಿಟ್ಟವರನ್ನು ಅವಳೂ ಇದೇ ಮೊದಲು ಕಂಡದ್ದಂತೆ. ನಗಬಾರದೆಂದು ಕೆಳತುಟಿ ಕಚ್ಚಿಕೊಂಡಳು. ನಾನೂ ನಗುತ್ತಿದ್ದೆ, ಹೊಟ್ಟೆ ನನ್ನದಲ್ಲದಿದ್ದರೆ.

ಇದರಿಂದ ಆದದ್ದಿಷ್ಟು. ಇನ್ನೊಂದು ಸಲ ನಳಿಕೆ, ಇನ್ನೊಂದು ಸಲ ಕೀಳುವುದು. ಜನವರಿ ಮೂವತ್ತೊಂದಕ್ಕೆ ಆಯಿತು. ಜೊತೆಗೆ ಮನೆಯವರು ಯಾರಾದರೂ ಬಂದು ಸಹಿ ಹಾಕದೆ ಮಂಪರು ಬರಿಸುವ ಮದ್ದು ಕೊಡುವುದಿಲ್ಲ ಎಂದು ಅಲ್ಲಿನ ನರ್ಸಮ್ಮ ಹಟ ಹಿಡಿದಳು. ಮನೆಯಲ್ಲಿ ನಾನೊಬ್ಬನೇ, ನನ್ನ ಸಹಿ ನಡೆಯುವುದಿಲ್ಲವಂತೆ. ಕೊನೆಗೆ ನಮ್ಮ ಶಾಖೆಯ ಪ್ಯೂನ್ ಬಾಬ್ಜಿಯನ್ನು ಕರೆದುಕೊಂಡು ಹೋದೆ. ಐವತ್ತೈದು ವರ್ಷದ ಮನುಷ್ಯ, ಮೊಮ್ಮಕ್ಕಳಿದ್ದಾರೆ, ದಿನಕ್ಕೆ ಹತ್ತು ಸಲ ನನ್ನಿಂದ ಬೈಸಿಕೊಳ್ಳುತ್ತಾನೆ. ಋಷಿಕೊಂಡದ ನಮ್ಮ ಶಾಖೆಯಲ್ಲಿ ಫೈಲು ಎಲ್ಲಿದೆ ಎಂದು ಅವನಿಗೆ ಒಂದು ದಿನವೂ ಗೊತ್ತಿರುವುದಿಲ್ಲ. ರೋಗಿಗೆ ಏನಾಗಬೇಕು ಎಂಬ ಜಾಗದಲ್ಲಿ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, 'ತಮ್ಮುಡು' ಎಂದು ತೆಲುಗಿನಲ್ಲಿ ಬರೆದ. ನಾನು ಎದ್ದಾಗ ಎದುರಿಗೇ ಕೂತಿದ್ದ. "ಏಂ ಕಾದು ಸಾರ್, ಏಂ ಕಾದು" ಎಂದು, ಏನೂ ಆಗುವುದಿಲ್ಲವೆಂದು ಧೈರ್ಯ ಹೇಳುತ್ತ, ನನ್ನ ಬಾಯಿಯ ಜೊಲ್ಲು ಒರೆಸಿದ. ಮರುದಿನ ಸಿಂಹಾಚಲಂ ಬೆಟ್ಟ ಹತ್ತಿ ಹೋಗಿ ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿ, ಚಂದನದ ಪೊಟ್ಟಣ ತಂದು ಮೇಜಿನ ಮೇಲಿಟ್ಟ. ಗೋತ್ರ ಏನು ಹೇಳಿದೆಯೋ ಎಂದರೆ ತನ್ನದೇ ಹೇಳಿದನಂತೆ. ಅವನಿಗೂ ಬೈದೆ. ಮೂರ್ಖರಿಗೆ ಈ ದೇಶದಲ್ಲಿ ಬರವಿಲ್ಲ. ಪೊಟ್ಟಣ ಇನ್ನೂ ಅಲ್ಲೇ ಇದೆ.

ಎರಡನೇ ಸಲದ ರಿಪೋರ್ಟು ಇನ್ನೂ ಬಂದಿಲ್ಲ. ಬರಲು ದಿನ ಹಿಡಿಯುತ್ತದಂತೆ. ಬಂದ ಮೇಲೆ ಅಪೂರ್ವಳಿಗೆ ತೋರಿಸುವುದು ಮುಂದಿನ ಗುರುವಾರ, ಇಪ್ಪತ್ತನೇ ತಾರೀಖು.

ನೀನು ಹೀಗೇಕೆ ಮಾಡಿದೆ ಎಂದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಫೋನಿಡುವ ಮೊದಲು ನೀನು ಒಂದೇ ಮಾತು ಅಂದೆ, "ಅಪ್ಪನ್ ಬೆರಳು ಜ್ಞಾಪಕ ಇದ್ಯೇನೋ ನಿಂಗೆ?" ಎಂದು. ಇದೆ. ಸಕ್ಕರೆ ಕಾಯಿಲೆಯಲ್ಲಿ ಅಪ್ಪನ ಎಡಗಾಲಿನ ಹೆಬ್ಬೆರಳು ತೆಗೆದರು. ತುಮಕೂರಿನ ಆಸ್ಪತ್ರೆಯಲ್ಲಿ ಯಾರೋ ಅದನ್ನು ಕಸದ ಬಕೆಟ್ಟಿಗೆ ಹಾಕಿದ್ದನ್ನು ಅಪ್ಪ ಕಣ್ಣಾರೆ ಕಂಡರು. ಆಮೇಲೆ ಬದುಕಿದ್ದ ನಲವತ್ತು ದಿನವೂ "ವಿಜಯಾ, ನನ್ನ ಬೆರಳು ಎಲ್ಲಿ ಹಾಕಿದ್ರೇ? ನಾಯಿಗೆ ಸಿಗಲಿಲ್ಲ ತಾನೇ?" ಎಂದು ನಿನ್ನನ್ನೇ ಕೇಳಿದರಂತೆ. ನೀನು ದಿನಾ ಸುಳ್ಳು ಹೇಳಿದೆ, ಹೊಳೆಗೆ ಬಿಟ್ಟು ಬಂದೆ ಅಪ್ಪಾ ಎಂದು. ವಿಜಯವಾಡದಿಂದ ಗಂಡ ಮಗನನ್ನು ಬಿಟ್ಟು ಬಂದು ಆ ಮಂಚದ ಪಕ್ಕ ಕೂತವಳು ನೀನು. ನಾನು ಆಗ ಒಡಿಶಾದಲ್ಲಿದ್ದೆ. ನನಗೆ ರಜೆ ಸಿಗಲಿಲ್ಲ, ಅದು ನಿನಗೆ ತಿಳಿದದ್ದೇ. ಅಪ್ಪನಿಗೆ ಹೇಳಿದ ಸುಳ್ಳನ್ನು ನನ್ನ ಹೊಟ್ಟೆಯಲ್ಲಿ ನಿಜ ಮಾಡಿದೆ, ಅಷ್ಟೇ ತಾನೇ? ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಮೂರ್ಖತನ ಮೂರ್ಖತನವಲ್ಲದೆ ಹೋಗುವುದಿಲ್ಲ.

ಇದನ್ನು ಓದಿದ ಕೂಡಲೇ ಚೀಲ ತುಂಬಿಕೊಂಡು ಹೊರಡಬೇಡ. ನೀನು ಬಂದರೆ ನನ್ನ ಅಡುಗೆಮನೆಯನ್ನು ಮಡಿ ಮಾಡುತ್ತೀಯ, ಬಾಬ್ಜಿಯನ್ನು ಹೊಸಿಲಾಚೆ ನಿಲ್ಲಿಸುತ್ತೀಯ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಪಕ್ಕದವರಿಗೆಲ್ಲ ನನ್ನ ಜಾತಕ ಹೇಳುತ್ತೀಯ. ಸಾರಿಗೆ ಖಾರ ಬೇಡ ಎಂದರೆ ಉಪ್ಪನ್ನೂ ಬಿಡುತ್ತೀಯ. ಹೀರೇಕಾಯಿ ಸಿಪ್ಪೆಯ ಚಟ್ನಿಯೊಂದನ್ನು ಚೆನ್ನಾಗಿ ಮಾಡುತ್ತೀಯ, ಅದಕ್ಕಾಗಿ ಇಷ್ಟೆಲ್ಲ ಸಹಿಸಲು ನನ್ನಿಂದಾಗದು. ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಆಗಸ್ಟಿಗೆ ನಿವೃತ್ತಿ. ಅಲ್ಲಿಯವರೆಗೆ ಬೈಯಲು ಶಾಖೆಯ ತುಂಬ ಜನರಿದ್ದಾರೆ.

ಫಣೀಂದ್ರನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ ತಿಳಿಸು. ಮಗುವಿಗೆ ಒಂದು ಮುತ್ತು. ಅವಳಿಗಾದರೂ ಕನ್ನಡ ಓದಲು ಕಲಿಸು, ಮುಂದೆ ನಿನಗೆ ಬೈಯುವವರು ಬೇಕಲ್ಲ. ನಿನಗೆ ನೂರು ವರ್ಷ ಆಯಸ್ಸು ಕೊಡಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತೇನೆ, ಬುದ್ಧಿಯ ವಿಚಾರ ಅವನ ಕೈಯಲ್ಲೂ ಇಲ್ಲ.

ನಿನ್ನ ತಮ್ಮ,
ಗೋಪಾಲಕೃಷ್ಣ

ಮರೆತದ್ದು: ಬಾಬ್ಜಿ ಸ್ಪೀಡ್ ಪೋಸ್ಟಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಎರಡು ಸುಳ್ಳು ಬರೆದಿದ್ದೇನೆ, ತಿದ್ದದೆ ಕಳಿಸಿದರೆ ಇನ್‌ಸ್ಪೆಕ್ಷನ್ ಮಾಡಿದವನಿಗೆ ಅವಮಾನ. ರಿಪೋರ್ಟು ಶನಿವಾರವೇ ಬಂತು. ಮೊಬೈಲಿಗೆ ಕಳಿಸಬೇಡಿ ಎಂದು ಹೇಳಿ ಲಕೋಟೆಯಲ್ಲೇ ತಂದುಕೊಂಡೆ. ಅಕ್ಕಿ ಡಬ್ಬದ ಮೇಲಿಟ್ಟಿದ್ದೇನೆ, ಒಡೆದಿಲ್ಲ. ನಾಲ್ಕು ದಿನದಿಂದ ಅನ್ನ ಮಾಡಿಲ್ಲ, ಡಬ್ಬ ತೆಗೆಯಬೇಕಾಗುತ್ತದೆ ಎಂದು. ಅಪೂರ್ವ ಒಡೆದರೆ ಹೇಳುವ ಮೊದಲೇ ಅವಳ ಮುಖ ಹೇಳಿಬಿಡುತ್ತದೆ, ಬಾಬ್ಜಿ ಒಡೆದರೆ ಅಳುತ್ತಾನೆ. ನಿನಗೆ ಇಂಗ್ಲಿಷ್ ಬರುವುದಿಲ್ಲ. ನೀನು ಒಡೆದು ಕೈಯಲ್ಲಿ ಹಿಡಿದುಕೊಂಡು ನನ್ನ ಪಕ್ಕ ಕೂತರೆ ಸಾಕು, ಆಮೇಲೆ ನಾನೇ ಓದಿಕೊಳ್ಳುತ್ತೇನೆ. ಎರಡನೆಯದು, ಅಪ್ಪನ ಕಾಲದಲ್ಲಿ ನನಗೆ ರಜೆ ಸಿಗಲಿಲ್ಲ ಎಂಬುದು. ನಾನು ರಜೆ ಕೇಳಿರಲೇ ಇಲ್ಲ ಅಕ್ಕಾ. ಹೆದರಿಕೆಯಾಗಿತ್ತು. ನಿನಗೆ ಆಗಲೇ ಗೊತ್ತಿತ್ತು, ಒಂದು ದಿನವೂ ಎತ್ತಿ ಆಡಲಿಲ್ಲ. ಈ ಸಲದ ಬ್ಲಾಕು ಇಲ್ಲಿನ ಆಸ್ಪತ್ರೆಯಲ್ಲಿದೆ, ನನ್ನ ಕೆಲಸ ಮುಗಿಯುವ ತನಕ ಅದರ ತಂಟೆಗೆ ಹೋಗಬೇಡ. ಮುಗಿದ ಮೇಲೆ, ನಾನಿದ್ದರೂ ಇಲ್ಲದಿದ್ದರೂ, ಅದನ್ನು ನಿನ್ನ ಕೈಗೇ ಕೊಡುವಂತೆ ಬರೆದುಕೊಟ್ಟಿದ್ದೇನೆ. ಮುಂದಿನ ಬುಧವಾರ, ಹತ್ತೊಂಬತ್ತನೇ ತಾರೀಖು, ಬೆಳಿಗ್ಗೆ ರತ್ನಾಚಲ್ ಹತ್ತಿಬಿಡು. ಸ್ಟೇಷನ್ನಿಗೆ ಬಾಬ್ಜಿಯನ್ನು ಕಳಿಸುತ್ತೇನೆ ಎಂದು ಬರೆಯಲಿದ್ದೆ. ಬೇಡ, ನಾನೇ ಬರುತ್ತೇನೆ.